ವಿಷಯ: ಅವಳಿ ಮಕ್ಕಳಿಗೆ ಆಯಾ ಕಳಿಸದೆ 24,000 ರೂ. ಇಟ್ಟುಕೊಂಡಿರುವ ಬಗ್ಗೆ

ಗೆ,
ವ್ಯವಸ್ಥಾಪಕರು, ಮುಖ್ಯ ಕಚೇರಿ, ಬೆಂಗಳೂರು

ಮಾನ್ಯರೇ,

ಹನ್ನೊಂದು ಸಲ ಫೋನ್ ಮಾಡಿದ್ದಾಯಿತು. ಇನ್ನು ಬರೆದೇ ಹೇಳುತ್ತೇನೆ.

ಒಪ್ಪಂದದ 6ನೇ ಕಲಂನಲ್ಲಿ ಏನಿದೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ, ಬರೆದವರು ನೀವೇ. ಆಯಾ ಬಿಟ್ಟರೆ 48 ಗಂಟೆಯೊಳಗೆ ಬದಲಿ. ಇವತ್ತಿಗೆ ಹತ್ತೊಂಬತ್ತು ದಿನ. ಮೊದಲು ಬಂದವರು ನಾಲ್ಕು ದಿನ ಇದ್ದು ಹೋದರು. ಎರಡನೆಯವರು ಹೊಸ್ತಿಲಲ್ಲೇ ಎರಡು ತೊಟ್ಟಿಲು ನೋಡಿ ಚಪ್ಪಲಿಯನ್ನೂ ಬಿಡಲಿಲ್ಲ. "ಅಡುಗೆ ಕೆಲಸ ಅಂದಿದ್ರಲ್ಲಮ್ಮಾ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮೊದಲ ಸಂಬಳದಲ್ಲೂ ನೀವು ಕಮಿಷನ್ ಮುರಿದುಕೊಳ್ಳುತ್ತೀರಂತೆ. ಪಾಪ, ಕಾಫಿ ಕುಡಿದು ಹೋದರು.

ಪೊಲೀಸ್ ವೆರಿಫಿಕೇಶನ್ ಪ್ರತಿ ಇವತ್ತಿಗೂ ಬಂದಿಲ್ಲ. ಅದು ಹಾಗಿರಲಿ, ಮಂಗಳವಾರದ ಫೋನಿನ ವಿಷಯಕ್ಕೆ ಬರುತ್ತೇನೆ.

ಸಂಜೆ 4.10. ಮಗಳನ್ನು ಹೆಗಲಿಗೆ ಹಾಕಿ ತೇಗು ಬರಿಸುತ್ತಿದ್ದೆ, ಮಗ ತೊಟ್ಟಿಲಲ್ಲಿ ಕಿರುಚುತ್ತಿದ್ದ, ಫೋನು ಇನ್ನೊಂದು ಹೆಗಲಿಗೂ ಕೆನ್ನೆಗೂ ನಡುವೆ. ಬುಕಿಂಗ್ ನಂಬರನ್ನು ಮೂರು ಸಲ ಹೇಳಿಸಿದ ನಿಮ್ಮ ಹುಡುಗ, "ಎರಡು ಮಗು ಅಂತ ನೀವು ಹೇಳೇ ಇಲ್ವಲ್ಲ ಮೇಡಂ" ಎಂದ. ಫಾರಂನಲ್ಲಿ 'ಅವಳಿ' ಎಂದು ಬರೆದಿದ್ದೇನೆ ಎಂದೆ. "ಅದು ಷರಾ ಕಾಲಂ ಮೇಡಂ, ಅದನ್ನ ಯಾರೂ ನೋಡಲ್ಲ. ಎರಡನೇ ಮಗುಗೆ ತಿಂಗಳಿಗೆ 9,000 ಎಕ್ಸ್‌ಟ್ರಾ." ಆಮೇಲೆ, "ಬಾಣಂತನಕ್ಕೆ ನಿಮ್ಮ ತಾಯಿ ಬಂದಿಲ್ವಾ?" ಅಮ್ಮ ತೀರಿಕೊಂಡು ಆರು ವರ್ಷ ಆಯಿತು ಎಂದೆ. "ಅಯ್ಯೋ. ಮತ್ತೆ ಅತ್ತೆ?" ಅತ್ತೆಗೆ ಮಂಡಿ ಆಪರೇಷನ್ ಆಗಿದೆ ಎಂದೂ ಹೇಳಿದೆ. ಯಾವ ಕರ್ಮಕ್ಕೆ ನನ್ನ ಮನೆ ಕಥೆಯನ್ನೆಲ್ಲ ಇವನಿಗೆ ಒಪ್ಪಿಸುತ್ತಿದ್ದೇನೋ ಎನ್ನುವಷ್ಟರಲ್ಲಿ "ಒಂದ್ನಿಮಿಷ" ಎಂದ. ಹೋಲ್ಡಿಗೆ ಹಾಕಿದೆನೆಂದು ಅವನ ಎಣಿಕೆ. "ಅದೇ ಕಣೋ, ಟ್ವಿನ್ಸ್ ಮೇಡಂ" ಎಂದದ್ದು ಕೇಳಿಸಿತು, ಇಬ್ಬರು ನಕ್ಕದ್ದೂ ಕೇಳಿಸಿತು. ವಾಪಸ್ ಬಂದವನು, "ಸದ್ಯಕ್ಕೆ ಒಂದೇ ಮಗುಗೆ ಬುಕಿಂಗ್ ಇದೆ ಮೇಡಂ. ಯಾವ ಮಗು ಅಂತ ಹೇಳಿ, ಹೆಸರು ಹಾಕ್ಕೋತೀನಿ."

ಅವಕ್ಕೆ ನಾಮಕರಣವೇ ಆಗಿಲ್ಲ, ಸ್ವಾಮಿ.

ಮೂರು ಗಂಟೆಗೊಮ್ಮೆ ಹಾಲು, ಇಬ್ಬರಿಗೂ ಸೇರಿ ದಿನಕ್ಕೆ ಹದಿನಾರು ಸಲ. ಯಾವ ಎಂಟನ್ನು ಕೈಬಿಡಬೇಕು ಎಂದು ನಿಮ್ಮ ಕಚೇರಿಯಿಂದ ಪಟ್ಟಿ ಕಳಿಸಿದರೆ ಉಪಕಾರವಾಗುತ್ತದೆ.

ಏಳು ದಿನದೊಳಗೆ ಅಷ್ಟೂ ಹಣ ವಾಪಸ್ ಬರಬೇಕು. ಆಯಾ ಬೇಡ, ನಿಮ್ಮಿಂದ ಬೇಡ. ಬರದಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಮೈಸೂರಿನಲ್ಲೇ ದೂರು ಹಾಕಬಹುದು, ಓಡಾಟ ನಿಮ್ಮದು. ಈ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ರಾತ್ರಿ ಎರಡಕ್ಕೂ ಐದಕ್ಕೂ ಹಾಲೂಡಿಸುತ್ತಾ ಇದನ್ನೆಲ್ಲ ಓದಿಕೊಂಡಿದ್ದೇನೆ. ವಿಚಾರಣೆಯ ದಿನ ಇಬ್ಬರನ್ನೂ ಎತ್ತಿಕೊಂಡೇ ಬರುತ್ತೇನೆ. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲವಲ್ಲ.

ಇತಿ,
ನಿಮ್ಮ ಟ್ವಿನ್ಸ್ ಮೇಡಂ
ಮೈಸೂರು