ಹಿರಿಯರು, ಅಂಗವಿಕಲರು ಇರುವ ಮನೆಯವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಕೆಲವು ಅಜ್ಜ-ಅಜ್ಜಿಯರು "ಇನ್ನು ಬೂತಿಗೆ ಹೋಗೋಕಾಗಲ್ಲ" ಅಂತ ಮತ ಹಾಕುವುದನ್ನೇ ಬಿಟ್ಟಿದ್ದಾರೆ. ಬಿಡಬೇಕಿಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ 85 ದಾಟಿದವರು, ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರು ಮನೆಯಲ್ಲೇ ಮತ ಹಾಕಬಹುದು. ಅದಕ್ಕೆ ಫಾರಂ 12ಡಿ ಬೇಕು, ಬಿಎಲ್‌ಒ (ಬೂತ್ ಮಟ್ಟದ ಚುನಾವಣಾ ಅಧಿಕಾರಿ) ಮನೆಗೇ ತಂದುಕೊಡುತ್ತಾರೆ. ಆದರೆ ಚುನಾವಣೆಯ ಅಧಿಸೂಚನೆ ಹೊರಟ 5 ದಿನದೊಳಗೆ ತುಂಬಿ ಕೊಡಬೇಕು. ಪ್ರಚಾರದ ಗದ್ದಲ ಏರುವ ಹೊತ್ತಿಗೆ ಗಡುವು ಮುಗಿದಿರುತ್ತದೆ, ಬಹಳ ಮಂದಿಗೆ ತಪ್ಪಿಹೋಗುವುದು ಇಲ್ಲೇ. ಒಮ್ಮೆ ಒಪ್ಪಿಗೆಯಾದರೆ ಮತ್ತೆ ಬೂತಿನಲ್ಲಿ ಮತ ಹಾಕಲು ಬರುವುದಿಲ್ಲ. ಹಾಗಾಗಿ ನೀವೇ ತೀರ್ಮಾನಿಸದೆ ಅವರನ್ನೇ ಕೇಳಿ. ಬೂತಿಗೇ ಹೋಗುವ ಆಸೆಯಿದ್ದರೆ ನಾವೆಲ್ಲ ಸೇರಿ ಕರೆದುಕೊಂಡು ಹೋಗೋಣ.

ಕಣ್ಣು ಕಾಣದವರಿಗೆ ಮತಯಂತ್ರದ ಗುಂಡಿಗಳ ಪಕ್ಕ ಬ್ರೈಲ್ ಅಂಕಿಗಳಿರುತ್ತವೆ. ಬೇಕಿದ್ದರೆ 18 ತುಂಬಿದ, ತಾವು ನಂಬುವ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು.

ಚುನಾವಣೆ ಬರಲಿ ಅಂತ ಕಾಯಬೇಡಿ. ಮತದಾರರ ಪಟ್ಟಿಯಲ್ಲಿ ಅಂಗವೈಕಲ್ಯದ ನಮೂದು ಇಲ್ಲದಿದ್ದರೆ ಫಾರಂ 8 ಈಗಲೇ ಕೊಡಿ. ಚುನಾವಣಾ ಆಯೋಗದ ಸಕ್ಷಮ್ ಆ್ಯಪ್‌ನಲ್ಲೂ ಆಗುತ್ತದೆ, ವೀಲ್‌ಚೇರ್ ಬೇಕೆಂದು ಅಲ್ಲೇ ಕೇಳಿಕೊಳ್ಳಬಹುದು. ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಫಾರಂ ತುಂಬಲು ಸಹಾಯ ಬೇಕಾದವರು ನನಗೆ ಪ್ರತ್ಯೇಕವಾಗಿ ಮೆಸೇಜ್ ಹಾಕಿ, ಮನೆಗೇ ಬರುತ್ತೇನೆ.