ನಡಿಗೆ ಮುಗಿದ ಮೇಲಿನ ಒಂದು ನಿಮಿಷ

ಶಿರಸಿ

ಚಿ. ಗಣಪತಿಗೆ ಅತ್ತೆಯ ಆಶೀರ್ವಾದಗಳು.

ಬೈಪಾಸ್ ಆಗಿ ಎರಡು ತಿಂಗಳಿಗೇ ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತೀಯಂತೆ. ಡಾಕ್ಟರು ನಡೆ ಎಂದಿದ್ದಾರೆ, ಸರಿ. ಆದರೆ ಬರೀ ದೂರದ ಲೆಕ್ಕ ಇಟ್ಟರೆ ಹೃದಯದ ಸುದ್ದಿ ಅರ್ಧವೂ ತಿಳಿಯದು. ನಡಿಗೆ ನಿಧಾನ ಮಾಡಿದ ಮೇಲೆ ನಾಡಿ ಎಷ್ಟು ಬೇಗ ಇಳಿಯುತ್ತದೆ, ಅದನ್ನು ಬರೆದಿಡು.

ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ 4ರಿಂದ ಗುಣಿಸು. ಹೆಬ್ಬೆರಳಿನಲ್ಲಿ ಎಣಿಸಬೇಡ, ಅದರದ್ದೇ ಬಡಿತ ಸಿಕ್ಕಿಬಿಡುತ್ತದೆ. ಬಿರುಸಿನ ನಡಿಗೆ ಮುಗಿದ ಕೂಡಲೇ ಒಮ್ಮೆ, ಒಂದು ನಿಮಿಷ ನಿಧಾನ ನಡೆದು ಇನ್ನೊಮ್ಮೆ. ದುಡಿಮೆ ತಗ್ಗಿದ್ದೇ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಅದಕ್ಕೆ ಕಡಿವಾಣ ಹಾಕಬೇಕು. ಹಿಡಿತ ಸಡಿಲವಿದ್ದರೆ ನಾಡಿ ಮೇಲೆಯೇ ನಿಲ್ಲುತ್ತದೆ. ಟ್ರೆಡ್‌ಮಿಲ್ ಪರೀಕ್ಷೆಯ ನಂತರದ ಮೊದಲ ನಿಮಿಷದಲ್ಲಿ ನಾಡಿ 12 ಬಡಿತ ಅಥವಾ ಅದಕ್ಕೂ ಕಡಿಮೆ ಇಳಿದರೆ ಒಳ್ಳೆಯ ಲಕ್ಷಣವಲ್ಲ. ಬೀದಿಯ ನಡಿಗೆಗೆ ಆ ಸಂಖ್ಯೆ ಹಾಗೆಯೇ ಹೊಂದದು, ಅಷ್ಟು ದುಡಿಮೆ ಅಲ್ಲಿ ಆಗಿರುವುದಿಲ್ಲ. ಈ ವಾರದ್ದನ್ನು ನಿನ್ನದೇ ಹೋದ ವಾರದ್ದರ ಜೊತೆ ಹೋಲಿಸಿ ನೋಡು, ಸಾಕು.

ನಾಡಿ ಎಷ್ಟರವರೆಗೆ ಏರಬಹುದು ಎನ್ನಲು 220ರಿಂದ ವಯಸ್ಸು ಕಳೆಯುವ ಲೆಕ್ಕವನ್ನು ಕೈಗಡಿಯಾರ ಹೇಳಿದರೂ ಬಿಡು. ನೀನು ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತೀಯ. ನಾಡಿ ಏರದಂತೆ ತಡೆಯುವುದೇ ಆ ಮಾತ್ರೆಯ ಕೆಲಸ. ಹಟ ಮಾಡಿ ಏರಿಸಲು ಹೋದರೆ ಅಷ್ಟರಲ್ಲಿ ಮೈ ಮಿತಿ ಮೀರಿರುತ್ತದೆ. ಆಯಾಸ ಎಷ್ಟೆಂದು ನಾವೇ ಅಂದಾಜಿಸಿ ಅಂಕ ಕೊಡುವ, 6ರಿಂದ 20ರವರೆಗಿನ ಬೋರ್ಗ್ ಅಳತೆಯಲ್ಲಿ 11ರಿಂದ 13ರ ಆಯಾಸ ಸಾಕು. ಅಂದರೆ ಜೊತೆಗಿದ್ದವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಶುರುವಿನ 10 ನಿಮಿಷ ನಿಧಾನ, ಕೊನೆಯ 10 ನಿಮಿಷವೂ ನಿಧಾನ. ಕೊನೆಯದನ್ನು ಎಲ್ಲರೂ ನುಂಗಿಹಾಕುತ್ತಾರೆ, ಎಡವಟ್ಟಾಗುವುದೂ ಅಲ್ಲಿಯೇ. ಗಕ್ಕನೆ ನಿಂತರೆ ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುವುದಿಲ್ಲ; ರಕ್ತ ಕಾಲಲ್ಲೇ ಉಳಿದು, ಒತ್ತಡ ಕುಸಿದು, ಕಣ್ಣು ಕತ್ತಲೆ ಬರುತ್ತದೆ. ಬಂದವನೇ ಬಿಸಿನೀರು ಮಿಂದರೂ ಅದೇ ಕತೆ. ಬೆವರು ಆರಲಿ. ಊಟ ಆದ ಮೇಲೆ ಒಂದೂವರೆ ತಾಸು ಬಿಟ್ಟು ಹೊರಡು.

ನಿಮ್ಮ ಕಾರವಾರದ ಟ್ಯಾಗೋರ್ ಕಡಲತೀರದ ಒಣ ಉಸುಕಿನಲ್ಲಿ ನಡೆಯಬೇಡ. ಅದೇ ವೇಗಕ್ಕೆ ಗಟ್ಟಿ ನೆಲದ ಸುಮಾರು ಎರಡು ಪಟ್ಟು ಶಕ್ತಿ ತಿನ್ನುತ್ತದೆ. ನೀರಂಚಿನ ಗಟ್ಟಿ ಉಸುಕು ಆದೀತು, ರಸ್ತೆ ಇನ್ನೂ ಒಳ್ಳೆಯದು. ಅಲ್ಲಿಯ ಮೇ ತಿಂಗಳ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಸಲಿಕ್ಕೇ ಹೃದಯ ಹೆಚ್ಚು ದುಡಿಯುತ್ತದೆ. ನಿನ್ನೆಯ ವೇಗಕ್ಕೆ ಇವತ್ತು ಏದುಸಿರು ಬಂದರೆ ವೇಗ ಇಳಿಸು, ನಾಚಿಕೆ ಏನೂ ಇಲ್ಲ. ಬೆವರಿತೆಂದು ಉಪ್ಪು ಹಾಕಿದ ಮಜ್ಜಿಗೆ ಲೋಟಗಟ್ಟಲೆ ಬೇಡ. ಮಳೆಗಾಲಕ್ಕೆ ಜಗುಲಿಯೇ ಸಾಕು. ಪಾಚಿ ಹಿಡಿದ ಚಿರೆಕಲ್ಲಿನ ಮೆಟ್ಟಿಲ ಕಡೆ ಹೋಗಬೇಡ.

ಬಾವಿಯಿಂದ ನೀರು ಸೇದುವುದು ಇನ್ನೂ ಬೇಡ. ಆಪರೇಷನ್ನಿಗೆ ಕೊಯ್ದ ಎದೆಮೂಳೆ ಕೂಡಲು 8ರಿಂದ 12 ವಾರ ಬೇಕು, ಮೇಲಾಗಿ ಉಸಿರು ಕಟ್ಟಿ ಎಳೆದರೆ ರಕ್ತದೊತ್ತಡ ಜಿಗಿಯುತ್ತದೆ. ಎದೆಮೂಳೆ ಕಟಕಟ ಅಂದರೆ ಡಾಕ್ಟರಿಗೆ ತೋರಿಸು. ಎರಡು ಮೂರು ದಿನದಲ್ಲಿ 2 ಕಿಲೋ ತೂಕ ಏರಿ ಪಾದ ಊದಿದರೂ ಹಾಗೆಯೇ. ಅದು ಮೈಯಲ್ಲಿ ನಿಂತ ನೀರು.

ನಡೆಯುವಾಗ ಎದೆ ಹಿಡಿದುಕೊಂಡರೆ ನಿಲ್ಲು, ಕೂತುಕೋ, ಡಾಕ್ಟರು ಎದೆನೋವಿಗೆ ಕೊಟ್ಟ ಸಾರ್ಬಿಟ್ರೇಟ್ ಮಾತ್ರೆ ನಾಲಿಗೆ ಅಡಿ ಇಡು. ನಿಂತುಕೊಂಡು ಬೇಡ, ತಲೆ ತಿರುಗಿ ಬೀಳುತ್ತೀಯ. 5 ನಿಮಿಷದಲ್ಲಿ ಕಡಿಮೆ ಆಗದಿದ್ದರೆ 108ಕ್ಕೆ ಫೋನ್ ಮಾಡು, ಸ್ಕೂಟರ್ ಹತ್ತಬೇಡ. ಮಾತ್ರೆ ಯಾವಾಗಲೂ ಅಂಗಿ ಕಿಸೆಯಲ್ಲಿರಲಿ, ಮನೆಯ ಕಪಾಟಿನಲ್ಲಲ್ಲ.

ಇತಿ,
ನಿನ್ನ ಅತ್ತೆ