ಪಿಯಾನೊ ಬಿಟ್ಟು ನ್ಯಾಯಪೀಠಕ್ಕೆ

ಮಾನ್ಯ ಸಂಪಾದಕರೇ,

ಮಹಿಳಾ ನ್ಯಾಯಮೂರ್ತಿಗಳ ಮಾತು ಬಂದಾಗ ಅಮೆರಿಕದ ಫ್ಲಾರೆನ್ಸ್ ಆಲನ್ ಹೆಸರು ನಮ್ಮಲ್ಲಿ ಕೇಳಿಬರುವುದು ಕಡಿಮೆ. ಅವರ ಆಸೆ ಇದ್ದದ್ದು ಪಿಯಾನೊ ಮೇಲೆ. ಕಲಿಯಲು ಬರ್ಲಿನ್‌ಗೂ ಹೋಗಿದ್ದರು. ನರದ ತೊಂದರೆಯಿಂದ ಅದು ಕೈತಪ್ಪಿತು. ಕ್ಲೀವ್‌ಲ್ಯಾಂಡ್‌ನ ಪತ್ರಿಕೆಯೊಂದಕ್ಕೆ ಸಂಗೀತ ವಿಮರ್ಶೆ ಬರೆದರು, ಆಮೇಲೆ ಲಾ ಓದಿದರು. ಮಹಿಳೆಯರ ಮತದಾನದ ಹಕ್ಕಿಗಾಗಿ ಊರೂರು ಅಲೆದರು. 1920ರ ಆಗಸ್ಟ್‌ನಲ್ಲಿ ಆ ಹಕ್ಕು ಸಿಕ್ಕಿತು. ನವೆಂಬರ್‌ನಲ್ಲೇ ಇವರು ಚುನಾವಣೆ ಗೆದ್ದು ಜಡ್ಜ್ ಆದರು! ಹೌದು, ಅಲ್ಲಿನ ಹಲವು ರಾಜ್ಯಗಳಲ್ಲಿ ಜಡ್ಜ್‌ಗಳನ್ನೂ ಜನ ವೋಟು ಹಾಕಿ ಆರಿಸುತ್ತಾರೆ. ನನಗೇನೋ ಈ ಪದ್ಧತಿ ಅಷ್ಟು ಹಿಡಿಸದು.

1922ರಲ್ಲಿ ಓಹಾಯೊ ರಾಜ್ಯದ ಸುಪ್ರೀಂ ಕೋರ್ಟಿಗೆ ಆಯ್ಕೆಯಾದರು. ಅಮೆರಿಕದ ಯಾವ ರಾಜ್ಯದಲ್ಲೂ ಅದಕ್ಕೆ ಮುಂಚೆ ಹೆಣ್ಣುಮಗಳೊಬ್ಬಳು ಚುನಾವಣೆ ಗೆದ್ದು ಆ ಪೀಠ ಏರಿರಲಿಲ್ಲ. ನಮ್ಮ ಹೈಕೋರ್ಟಿಗೆ ಸಮ ಅನ್ನಿ. ನಮ್ಮಲ್ಲಿ ಹೈಕೋರ್ಟ್ ಪೀಠ ಏರಿದ ಮೊದಲ ಮಹಿಳೆ ಅನ್ನಾ ಚಾಂಡಿ ಕೇರಳ ಹೈಕೋರ್ಟ್ ಜಡ್ಜ್ ಆದದ್ದು 1959ರಲ್ಲಿ.

– ಒಬ್ಬ ಓದುಗರು, ಧಾರವಾಡ